ಸಿಂಬಿಯ ಮೇಲೆ ಸಾತಪ್ಪ

ಎಚ್ಚರವಾದ ಕೂಡಲೇ ಸಾತಪ್ಪ ಕಣ್ಣು ತೆರೆಯಲಿಲ್ಲ. ಮೊದಲು ಅದು ಎದ್ದಿದೆಯೋ ಇಲ್ಲವೋ ನೋಡಿಕೊಳ್ಳಬೇಕಾಗಿತ್ತು. ಮೊಣಕಾಲುಗಳ ನಡುವೆ ಮಡಿಸಿದ ಕಂಬಳಿ ಇಟ್ಟುಕೊಂಡು ಎಡಮಗ್ಗುಲಾಗಿ ಮಲಗಿದ್ದವನು, ಪರರ ಮನೆಯ ಬಾಗಿಲಲ್ಲಿ ನಿಂತು ಒಳಗೆ ನಾಯಿಯನ್ನು ಕಟ್ಟಿದ್ದಾರೋ ಬಿಟ್ಟಿದ್ದಾರೋ ಎಂದು ಕಿವಿಗೊಡುವವನ ಹಾಗೆ, ತನ್ನ ಬೆನ್ನಿನ ತುದಿಯ ಕಡೆ ಕಿವಿಗೊಟ್ಟ. ಇತ್ತು. ಮಲಗಿತ್ತು, ಆದರೆ ಇತ್ತು. ಬೂದಿಯೊಳಗಿನ ಕೆಂಡದ ಹಾಗೆ, ಊದಿದರೆ ಮಾತ್ರ ಹೊತ್ತಿಕೊಳ್ಳುತ್ತೇನೆ ಎನ್ನುವ ಹಾಗೆ ಸುಮ್ಮನಿತ್ತು. ಊದುವುದು ಎಂದರೆ ಕೂಡುವುದು. ನಿಂತರೆ ತೊಂದರೆಯಿಲ್ಲ, ನಡೆದರಂತೂ ಮೈ ಇದೆಯೆಂಬುದೇ ಮರೆತುಹೋಗುವಷ್ಟು ಹಗುರ; ಆದರೆ ಕುಂಡಿ ನೆಲ ಮುಟ್ಟಿತೋ, ಎಲುಬಿನ ತುದಿಯಲ್ಲಿ ಒಂದು ಚುಚ್ಚು, ಅಲ್ಲಿಂದ ಒಳಗೊಳಗೇ ತೊಡೆಗಳ ಸಂದಿಗೆ ಹರಿದು ಬರುವ ಉರಿ, ಮೆಣಸಿನಕಾಯಿ ಕುಟ್ಟಿದ ಕೈ ತಾಗಿದ ಹಾಗೆ. ಮತ್ತು ಇವತ್ತು ಕೂಡಬೇಕಾಗಿತ್ತು. ಮಧ್ಯಾಹ್ನದ ಊಟವಾದ ಮೇಲೆ ಬೇವಿನ ಕಟ್ಟೆಯ ಮೇಲೆ ಪಂಚರು ಸೇರುವವರಿದ್ದರು. ನಿನ್ನೆ ಮಾಳಪ್ಪ, ಅವನೂ ಒಬ್ಬ ಪಂಚ, ಬಾಗಿಲ ಹೊರಗಿನಿಂದಲೇ ಹೇಳಿಹೋಗಿದ್ದ: "ಯಲ್ಲಪ್ಪಗೂ ಅವನ ತಮ್ಮಗೂ ಬಾವಿ ನೀರಿನ ಪಾಳಿ ಬಗೀಹರೀವಲ್ದು. ನಾಳೆ ಕೂಡ್ತೇವಿ. ನಿನಗ ಕೂಡಾಕಾದ್ರ ಬಾ. ಆಗಲಿಲ್ಲಂದ್ರೂ ಏನಿಲ್ಲೋ, ನಿನ್ನ ಜಾಗಾದಾಗ ಯಾರನ್ನರ ಕೂಡಿಸಿದ್ರಾತು."

ಯಾರನ್ನರ ಕೂಡಿಸಿದ್ರಾತು. ಇಪ್ಪತ್ತೆರಡು ವರ್ಷ ಅವನು ಕೂತ ಜಾಗ, ಅದಕ್ಕೂ ಮೊದಲು ಅವನ ಅಪ್ಪ ಕೂತದ್ದು. ಅಲ್ಲಿನ ಕಲ್ಲು ಬೇರೆ ಕಲ್ಲುಗಳಿಗಿಂತ ನುಣುಪಾಗಿತ್ತು; ಮಳೆ ಬಂದಾಗ ನೀರು ಮೊದಲು ಅಲ್ಲಿಯೇ ನಿಲ್ಲುತ್ತಿತ್ತು. ಯಾರೂ ಬರೆದಿಟ್ಟ ಕಾಯದೆಯಲ್ಲ, ಆದರೆ ಊರಿಗೆಲ್ಲ ಗೊತ್ತು: ಕಟ್ಟೆಯ ಮೇಲೆ ಕೂತವರು ಕೇಳುವವರು, ಕೆಳಗೆ ತಲೆಯ ಪಟಗಾ ಬಿಚ್ಚಿ ಕಂಕುಳಲ್ಲಿ ಹಿಡಿದು ನಿಂತವರು ಏನೋ ಮಾಡಿದವರು. ಮೂರು ತಿಂಗಳಿನಿಂದ ಅವನು ಆ ಕಡೆ ಸುಳಿದಿರಲಿಲ್ಲ. ಇವತ್ತು ಹೋಗಿ ನಿಂತರೆ ಪಾರಾಯಿತೇ? ನಿಂತವನ ಮುಖವನ್ನು ಜನ ನೋಡುವ ರೀತಿಯೇ ಬೇರೆ. ಇವನೇನು ಮಾಡಿದ ಎಂದು ಹುಡುಕುತ್ತಾರೆ. ಹುಡುಕಿದರೆ ಏನೂ ಸಿಗುವುದಿಲ್ಲ ಎನ್ನುವಂತೆಯೂ ಇರಲಿಲ್ಲ.

ಎದ್ದು, ಮೊದಲು ಮೊಣಕಾಲೂರಿ, ಆಮೇಲೆ ಗೋಡೆ ಹಿಡಿದು, ಹಿತ್ತಲಿಗೆ ನಡೆದ. ಎಮ್ಮೆಗೆ ಕಲಗಚ್ಚು ಇಡುವ ಅಗಲವಾದ ಬೋಗುಣಿಯಲ್ಲಿ ಹೆಂಡತಿ ರಾಯವ್ವ ಆಗಲೇ ಬಿಸಿನೀರು ಹೊಯ್ದಿಟ್ಟಿದ್ದಳು. ದಿನಾ ಮುಂಜಾನೆ ಅದರಲ್ಲಿ ಒಂದು ಘಳಿಗೆ ಮುಳುಗಿಕೊಂಡಿರಬೇಕು ಎಂದು ದವಾಖಾನೆಯವರು ಹೇಳಿದ್ದರು. ನೀರಿನೊಳಗೆ ಭಾರವೆಲ್ಲ ತೇಲುತ್ತಿತ್ತು, ಉರಿ ಸ್ವಲ್ಪ ಸ್ವಲ್ಪವಾಗಿ ಸೋರಿಹೋಗುತ್ತಿತ್ತು. ಎಮ್ಮೆ ಹತ್ತಿರ ನಿಂತು, ತನ್ನ ಬೋಗುಣಿಯಲ್ಲಿ ಇದೇನು ಬಿದ್ದಿದೆ ಎಂದು ನೋಡುತ್ತಿತ್ತು. ಪಕ್ಕದಲ್ಲೇ ಎತ್ತುಗಳು. ಎಡಗಡೆಯ ಮೈಲ್ಯಾನನ್ನು ನೋಡಿದಾಗಲೆಲ್ಲ ಸಾತಪ್ಪನಿಗೆ ಈಗೀಗ ಒಂದು ಥರದ ನಾಚಿಕೆ. ಸುಗ್ಗಿಯಲ್ಲಿ ಅವನನ್ನು ಕೆಡವಿದ್ದು ಮೈಲ್ಯಾನೇ. ಚಕ್ಕಡಿಯ ಮೂಕಿಯ ಮೇಲೆ ಕೂತು, ಏರಿನಲ್ಲಿ ನಿಧಾನ ಮಾಡಿತೆಂದು, ಬಾರಕೋಲಿನ ತುದಿಯ ಮೊಳೆಯಿಂದ ಬಾಲದ ಬುಡಕ್ಕೆ ಚುಚ್ಚಿದ್ದ. ಎತ್ತು ಒಮ್ಮೆಲೇ ಜಗ್ಗಿತು, ಸಾತಪ್ಪ ಕೂತ ಕೂತಲ್ಲೇ ದಾರಿಯ ಕಲ್ಲಿನ ಮೇಲೆ ಬಿದ್ದ. ಎಲ್ಲಿ ಚುಚ್ಚಿದ್ದನೋ ಸರಿಯಾಗಿ ಅಲ್ಲಿಯೇ ಅವನಿಗೂ ತಾಗಿತ್ತು. ಎತ್ತಿಗೆ ಬಾಲ ಇದೆ, ತನಗೆ ಇಲ್ಲ ಎನ್ನುವುದೊಂದೇ ಫರಕು. "ನೋಡಾಕತ್ತೀಯೇನಲೇ," ಎಂದ ಅವನು ನೀರೊಳಗಿಂದ. ಮೈಲ್ಯಾ ಬಾಲ ಎತ್ತಿ ಎರಡೂ ಕಡೆ ಬೀಸಿ ನೊಣ ಓಡಿಸಿಕೊಂಡಿತು, ಬಾಲ ಇರುವುದನ್ನು ತೋರಿಸಿದ ಹಾಗೆ.

ಊಟವೂ ನಿಂತೇ. ಪಡಸಾಲೆಯ ಗೂಡಿನಲ್ಲಿ ಗಂಗಾಳ ಇಟ್ಟುಕೊಂಡು, ಗೋಡೆಗೆ ಮುಖ ಮಾಡಿ ರೊಟ್ಟಿ ಮುರಿಯುತ್ತಿದ್ದ. ಮೊದಮೊದಲು ಗಂಡ ನಿಂತಿರುವಾಗ ತಾನು ಹೇಗೆ ಕೂಡುವುದೆಂದು ರಾಯವ್ವನೂ ನಿಲ್ಲುತ್ತಿದ್ದಳು. ಎಂಟು ದಿನಕ್ಕೆ ಅವಳ ಕಾಲು ಸೋತವು. ಈಗ ಒಲೆಯ ಮುಂದೆ ಆರಾಮಾಗಿ ಕೂತು ಅಲ್ಲಿಂದಲೇ ರೊಟ್ಟಿ ಬಡಿಯುತ್ತ ಮಾತಾಡುತ್ತಾಳೆ.

"ಇನ್ನೊಂದ ರೊಟ್ಟಿ ಹಾಕಲೇನ್ರಿ? ಇಲ್ಲಾ, ಒಮ್ಮೆಲೆ ಗ್ವಾದ್ಲ್ಯಾಗ ಸುರುವಿ ಬಿಡಲೇನು, ಮೈಲ್ಯಾನ ಬಾಜೂಕ?"

"ಹಾಕ. ಅಂವಾ ನಿನಗಿಂತ ಕಡಿಮಿ ಮಾತಾಡ್ತಾನ."

"ಅಂವಗ ಮಂದಿ ಬಂದು ಎಲ್ಲಿ ನೋವಂತ ಕೇಳೂದಿಲ್ಲಲಾ, ಅದಕ."

ಅದು ಖರೆ. ಕೈ ಮುರಿದರೆ ಊರೆಲ್ಲ ಬಂದು ಮುಟ್ಟಿ ನೋಡಿ, ತಮ್ಮ ಕೈ ಮುರಿದ ಕಥೆ ಹೇಳಿ ಹೋಗುತ್ತದೆ. ಇದನ್ನು ಯಾರಿಗೆ ಹೇಗೆ ಹೇಳುವುದು? ಸೊಂಟ ಎನ್ನುತ್ತಿದ್ದ. ಸೊಂಟವಾದರೆ ಇಂಥ ಎಣ್ಣೆ, ಇಂಥ ಎಲೆ ಎಂದು ಜನ ಸೊಂಟಕ್ಕೆ ಔಷಧ ಹೇಳುತ್ತಿದ್ದರು, ಅವನು ತಲೆಯಾಡಿಸುತ್ತಿದ್ದ, ಮತ್ತು ಸುಳ್ಳು ಹೇಳಿದ ಆ ಸೊಂಟ ನಿಜಕ್ಕೂ ಒಂದೊಂದು ದಿನ ಹಿಡಿದುಕೊಳ್ಳುತ್ತಿತ್ತು. ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಕೆಲಸಕ್ಕಿದ್ದ ಅಳಿಯ ಒಂದು ಕಾರ್ಡು ಬರೆದಿದ್ದ: ಮಾವನವರು ಇಲ್ಲಿಗೇ ಬಂದುಬಿಡಲಿ, ಇಲ್ಲಿ ನೂಲಿನ ಯಂತ್ರದ ಮುಂದೆ ಯಾರೂ ಕೂಡುವುದೇ ಇಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ಕೊಯ್ಯಿಸಿಕೊಳ್ಳಲು ಹೋಗಿದ್ದ ಮಿರಜದಲ್ಲಿ ಮಾತ್ರ ನಾಚಿಕೆಯಿರಲಿಲ್ಲ. ದೊಡ್ಡ ದವಾಖಾನೆಯ ಹತ್ತು ಮಂಚಗಳ ಕೋಣೆಯಲ್ಲಿ ಒಬ್ಬೊಬ್ಬನಿಗೆ ಒಂದೊಂದು ಕಡೆ ಕೊಯ್ದಿದ್ದರು, ಮತ್ತು ಎಲ್ಲರೂ ಅದನ್ನು ಹೊಲದ ಬೆಳೆಯ ಮಾತಿನಷ್ಟು ಸಲೀಸಾಗಿ ಆಡುತ್ತಿದ್ದರು. ಬಾವು ಬಂದು ಕೀವಾಗಿ, ಚಕ್ಕಡಿಯಲ್ಲಿ ಬೋರಲಾಗಿ ಮಲಗಿ ಠೇಸನ್ನು ಮುಟ್ಟಿ, ಅಲ್ಲಿಂದ ರೈಲಿನಲ್ಲಿ ನಿಂತೇ ಹೋಗಿದ್ದ ಸಾತಪ್ಪನ ಬೆನ್ನಿನ ತುದಿಯಿಂದ ಬಿಳಿ ತೊಗಲಿನ ಗೋರೆ ಡಾಕ್ಟರನೊಬ್ಬ ಹುಣಸೆಬೀಜದಷ್ಟು ಮುರಿದ ಎಲುಬು ತೆಗೆದಿದ್ದ. ಎಲುಬು ಹೋಯಿತು, ಆದರೆ ಸುತ್ತಲಿನ ನರಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ, ಅವು ಸಿಟ್ಟಿನಲ್ಲಿವೆ, ಇಳಿಯಲು ಆರು ತಿಂಗಳೋ ವರ್ಷವೋ ಬೇಕು, ದಿನಾ ನಡೆಯಬೇಕು, ಗಟ್ಟಿ ಜಾಗದಲ್ಲಿ ಕೂಡಬಾರದು ಎಂದು ಅವನು ತನ್ನ ಮುರುಕು ಮರಾಠಿಯಲ್ಲಿ ಹೇಳಿದ್ದನ್ನು ನಿಪ್ಪಾಣಿ ಕಡೆಯ ಕಂಪೌಂಡರ ಕನ್ನಡ ಮಾಡಿ ಹೇಳಿದ್ದ. ಆಗ ಸಾತಪ್ಪನಿಗೆ ಇದ್ದ ಚಿಂತೆ ಒಂದೇ. ತಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಅಂಗೈಯಲ್ಲಿ ಲಿಂಗ ಕೊಟ್ಟು ಗದ್ದಿಗೆಯಲ್ಲಿ ಕೂಡಿಸಿಯೇ ಮಣ್ಣು ಮಾಡುತ್ತಾರೆ. "ಸತ್ತ ಮ್ಯಾಗೂ ನನಗ ಕೂಡೂದೈತ್ರಿ, ಅಷ್ಟೊತ್ತಿಗರ ಆರಾಮಾಕ್ಕೈತೇನು ಕೇಳ್ರಿ" ಎಂದಿದ್ದ. ಕಂಪೌಂಡರ ಹೇಳಿದ, ಡಾಕ್ಟರ್ ಎರಡು ಸಲ ಕೇಳಿಸಿಕೊಂಡ, ಆಮೇಲೆ ಎಷ್ಟು ನಕ್ಕನೆಂದರೆ ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು. ಹೊರಡುವ ತನಕ ಅಲ್ಲಿ ಅವನನ್ನು ಗಾಳಿ ತುಂಬಿದ ಒಂದು ರಬ್ಬರಿನ ಬಳೆಯ ಮೇಲೆ ಕೂಡಿಸುತ್ತಿದ್ದರು. ನಡುವೆ ತೂತು. ಅದು ಎಷ್ಟು ಸುಖ ಎಂದು ಹೇಳಲು ಹೋದರೆ ಊರಲ್ಲಿ ಯಾರೂ ನಂಬುತ್ತಿರಲಿಲ್ಲ, ಅವನು ಹೇಳಲೂ ಇಲ್ಲ.

ಮುಂಜಾನೆಯ ರೊಟ್ಟಿ ತಿಂದಾದ ಮೇಲೆ ರಾಯವ್ವ ಬಾವಿಗೆ ಹೋಗಿ ಬಂದಳು. ಕೊಡ ಇಳಿಸಿ, ತಲೆಯ ಮೇಲಿನ ಸಿಂಬಿಯನ್ನು ಮನೆಯ ಮುಂದಿನ ಕಟ್ಟೆಯ ಮೇಲೆ ಎಸೆದು ಒಳಗೆ ಹೋದಳು. ಹಳೆಯ ಸೀರೆ ಹೊಸೆದು ಬಳೆಯ ಹಾಗೆ ಸುತ್ತಿದ ಸಿಂಬಿ, ಇನ್ನೂ ಒದ್ದೆ. ಸಾತಪ್ಪ ಅದನ್ನು ನೋಡಿದ. ಮೂವತ್ತು ವರ್ಷ ಅದು ಅದೇ ಕಟ್ಟೆಯ ಮೇಲೆ ಬೀಳುತ್ತ ಬಂದಿತ್ತು, ಅವನು ಇವತ್ತೇ ಅದರ ನಡುವಿನ ತೂತನ್ನು ನೋಡಿದ. ಒಳಗೆ ಬೋಗುಣಿ ಸಪ್ಪಳವಾಗುತ್ತಿತ್ತು. ಆಚೀಚೆ ನೋಡಿ, ಧೋತರ ಸರಿಮಾಡಿಕೊಂಡು, ಸಾವಕಾಶ ಅದರ ಮೇಲೆ ಇಳಿದ. ಚುಚ್ಚು ಬರಲಿ ಎಂದು ಹಲ್ಲು ಕಚ್ಚಿ ಕಾದ. ಬರಲಿಲ್ಲ. ಮಿರಜ ಬಿಟ್ಟ ಮೇಲೆ ಮೊದಲನೆಯ ಸಲ ಅವನ ಎಲುಬಿನ ತುದಿ ಯಾವುದನ್ನೂ ಮುಟ್ಟದೆ ಬರಿಯ ಗಾಳಿಯಲ್ಲಿ ತೂಗಿಕೊಂಡಿತು. ಎದುರಿಗೆ ಅಂಗಳದ ತುಳಸಿ, ಅದರಾಚೆ ಓಣಿ, ಓಣಿಯಲ್ಲಿ ಒಂದು ಕೋಳಿ; ಇವೆಲ್ಲ ಇಷ್ಟು ಕೆಳಗಿನಿಂದ ಹೇಗೆ ಕಾಣುತ್ತವೆ ಎನ್ನುವುದೇ ಅವನಿಗೆ ಮರೆತುಹೋಗಿತ್ತು.

"ಅಯ್ಯ ಶಿವನ!" ರಾಯವ್ವ ಬಾಗಿಲಲ್ಲಿ ನಿಂತಿದ್ದಳು. "ತಲಿ ಮ್ಯಾಲ ಇಡೂದನ್ನ ಒಯ್ದು ಎಲ್ಲಿ ಇಟ್ಟಕೊಂಡೀರಿ? ಏಳ್ರಿ ಮ್ಯಾಲ! ಮೂವತ್ತ ವರ್ಷ ನನ್ನ ತಲಿ ಮ್ಯಾಲ ಕೂತ್ರಿ, ಸಾಲಲಿಲ್ಲೇನು, ಈಗ ಸಿಂಬೀನೂ ಬೇಕಾತೇನು?"

"ನೋವಾಗವಲ್ದ."

"ಏನು?"

"ಕೂತರ ನೋವಾಗವಲ್ದ, ರಾಯವ್ವಾ."

ಅವಳ ಮುಖದ ಮೇಲೆ ಸಿಟ್ಟು ಇಳಿದು, ಬೇರೆ ಏನೋ ಬಂದು, ಆಮೇಲೆ ನಗು ಬಂತು. ಬಾಯಿಗೆ ಸೆರಗು ಹಿಡಿದು ನಗುತ್ತ ಬಾಗಿಲಿಗೆ ಒರಗಿದಳು. ಅಷ್ಟರಲ್ಲಿ ಒದ್ದೆ ಸೀರೆ ಅವನ ಭಾರಕ್ಕೆ ಚಪ್ಪಟೆಯಾಗಿ, ಕಲ್ಲು ಮೆಲ್ಲಗೆ ಮೇಲಕ್ಕೆ ಬಂದು ಮುಟ್ಟಿತು. "ಹಾಂ!" ಎಂದು ಎದ್ದುನಿಂತ.

"ಕೊಡ ಹೊರೂ ಸಿಂಬಿ ಆಳ ಹೊತ್ತೀತ?" ಎಂದಳು ಅವಳು ಕಣ್ಣೊರೆಸಿಕೊಂಡು. "ಇದರಾಗ ಅರಳಿ ತುಂಬಬೇಕು. ದೊಡ್ಡದು ಹೊಲಿಸಬೇಕು. ನಾ ಹೋಗಿ ಹಳ್ಳದಾಚಿ ಗಾದಿ ಹೊಲಿಯೂ ಬಂದಗಿಸಾಬಗ ಹೇಳ್ತೇನಿ."

"ಬ್ಯಾಡ."

"ಯಾಕ್ರಿ?"

ಅವನು ಅಂಗಳಕ್ಕೆ ಇಳಿದ. ಬಿಸಿಲು ನೋಡಿದ. ಪಂಚರು ಸೇರಲು ಇನ್ನೂ ಹೊತ್ತಿತ್ತು. "ನಾನ ಹೋಗ್ತೇನಿ," ಎಂದ, ತನಗೇ ಆಶ್ಚರ್ಯವಾಗುವ ಹಾಗೆ.

ಹಳ್ಳದ ದಾರಿ ಹಿಡಿದಾಗ ಮೈ ಹಗುರಾಯಿತು. ನಡೆಯುವಾಗ ಅವನು ಯಾವ ರೋಗಿಯೂ ಅಲ್ಲ. ಯಮಕನಮರಡಿಯ ತನಕ ನಡೆದುಬಿಡಬಹುದಿತ್ತು. ದೂರದಿಂದ ಬಿಲ್ಲಿನ ಸಪ್ಪಳ ಕೇಳಿಸುತ್ತಿತ್ತು, ಡಂಯ್, ಡಂಯ್. ಬಂದಗಿಸಾಬ ಅರಳೆ ಹಿಂಜುವ ಬಿಲ್ಲು. ಅದರ ಹೆದೆ ಪ್ರಾಣಿಯ ಕರುಳಿನದು. ಮರದ ಗುಂಡಿನಿಂದ ಹೊಡೆದಾಗಲೆಲ್ಲ ಅದು ನಡುಗಿ ಅರಳೆಯನ್ನು ಎಳೆಎಳೆಯಾಗಿ ಬಿಡಿಸುತ್ತದೆ. ಆ ಸಪ್ಪಳ ಊರೊಳಗೆ ಕೇಳದೆ ಏಳು ವರ್ಷವಾಗಿತ್ತು. ಮೊದಲು ಬಂದಗಿಸಾಬನ ಮನೆ ಅಪ್ಪಣ್ಣನ ಮನೆಗೆ ಅಂಟಿಕೊಂಡೇ ಇತ್ತು. ಹಿಂಜಿದ ಅರಳೆಯ ನಾರು ಹಾರಿ ಬಂದು ತನ್ನ ಮನೆಯ ಹಾಲಿನಲ್ಲಿ, ಹೆಂಡತಿ ಅಲ್ಲವ್ವ ಒಣಹಾಕಿದ ಹಪ್ಪಳದ ಮೇಲೆ ಕೂಡುತ್ತದೆ ಎಂದು ಅಪ್ಪಣ್ಣ ಫಿರ್ಯಾದಿ ತಂದ. ಅಪ್ಪಣ್ಣ ಸ್ವತಃ ಪಂಚ, ಹಾಗಾಗಿ ಕಟ್ಟೆಯ ಮೇಲೆ ಸಾತಪ್ಪನ ಮಗ್ಗುಲಲ್ಲೇ ಕೂತು ಫಿರ್ಯಾದಿ ಹೇಳಿದ. ನಿಂತವನು ಬಂದಗಿಸಾಬ ಒಬ್ಬನೇ. ಮಾತು ಬಹಳ ಹೊತ್ತು ನಡೆಯಿತು. ನಡುವೆ ಅವನು ಒಂದು ಕಾಲೆತ್ತಿ ಇನ್ನೊಂದರ ಮೇಲೆ ಭಾರ ಹಾಕಿ, "ಒಂದ ಘಳಿಗಿ ಕೂಡಲೇನ್ರಿ, ಅಣ್ಣಾರ?" ಎಂದು ಕೇಳಿದ್ದ. ಸಾತಪ್ಪ ಬೆನ್ನಿಗೆ ಬೇವಿನ ಮರ ಕೊಟ್ಟು ಆರಾಮಾಗಿ ಕೂತಿದ್ದ. "ನಿಂದ್ರ ಮಾರಾಯಾ, ನಿಂತರ ಏನ ಸವೀತಿ?" ಎಂದಿದ್ದ. ಎಲ್ಲರೂ ನಕ್ಕಿದ್ದರು. ಅಷ್ಟು ಜನ ತನ್ನ ಮಾತಿಗೆ ನಕ್ಕರು ಎಂದು ಅವತ್ತು ಹಿಗ್ಗಾಗಿತ್ತು. ಬಿಲ್ಲು ಹಳ್ಳದ ಆಚೆಗೆ ಹೋಗಬೇಕೆಂದು ತೀರ್ಮಾನವಾಯಿತು, ಬಂದಗಿಸಾಬ ಹೋದ. ತೀರ್ಮಾನ ಸರಿಯೋ ತಪ್ಪೋ, ಅದನ್ನು ಸಾತಪ್ಪ ಅಷ್ಟಾಗಿ ಯೋಚಿಸಿರಲಿಲ್ಲ. ಆದರೆ ಈ ಮೂರು ತಿಂಗಳು ಗೂಡಿನ ಮುಂದೆ ನಿಂತು ರೊಟ್ಟಿ ಮುರಿಯುವಾಗ, ನಿಂತು ಗಡ್ಡ ಹೆರೆಸಿಕೊಳ್ಳುವಾಗ, ಬಂದವರೆಲ್ಲ ಕೂತು ತಾನೊಬ್ಬನೇ ನಿಂತಿರುವಾಗ, ಆ ಒಂದು ಮಾತು ಎಲ್ಲಿಂದಲೋ ಎದ್ದು ಬರುತ್ತಿತ್ತು. ನಿಂತರ ಏನ ಸವೀತಿ. ಸವೆಯುತ್ತದೆ. ಏನು ಎಂದು ಹೇಳಲು ಬರುವುದಿಲ್ಲ, ಆದರೆ ಸವೆಯುತ್ತದೆ.

ಅವನು ಹಳ್ಳ ದಾಟಿದ್ದನ್ನು ನೋಡಿ ಬಿಲ್ಲು ನಿಂತಿತು. ತಗಡಿನ ಚಪ್ಪರದ ಕೆಳಗೆ ಬಂದಗಿಸಾಬ ಎದ್ದುನಿಂತ. ಹುಬ್ಬು, ಗಡ್ಡ, ಕಿವಿಯ ಮೇಲಿನ ಕೂದಲು ಎಲ್ಲ ಅರಳೆ. "ಬರ್ರಿ ಅಣ್ಣಾರ, ಬರ್ರಿ," ಎಂದು ಒಂದು ಕೌದಿ ಮಡಿಸಿ ಹಾಕಿದ. "ಕೂಡ್ರಿ."

"ಇರಲಿ," ಎಂದ ಸಾತಪ್ಪ.

"ಕೂಡ್ರಿ ಅಣ್ಣಾರ, ಬಿಸಲಾಗ ಬಂದೀರಿ."

"ಇರಲಿ ಇರಲಿ."

"ಕೂಡ್ರೆಲಾ."

"ನಿಂತ ಇರ್ತೇನಿ ಬಿಡಪಾ."

ಬಂದಗಿಸಾಬನ ಮುಖ ಸಣ್ಣದಾಯಿತು. ಸಾತಪ್ಪನಿಗೆ ತಡವಾಗಿ ಹೊಳೆಯಿತು. ಈ ಸೀಮೆಯಲ್ಲಿ ಮೂರು ಸಲ ಕೂಡೆಂದರೂ ಕೂಡದವನು ಎರಡೇ ಕಾರಣಕ್ಕೆ ಬಂದಿರುತ್ತಾನೆ: ಸಾವಿನ ಸುದ್ದಿ ಹೇಳಲಿಕ್ಕೆ, ಇಲ್ಲವೆ ಜಗಳಕ್ಕೆ. ಒಳಗಿನಿಂದ ಬಂದ ಬಂದಗಿಸಾಬನ ಹೆಂಡತಿ ಬಿಬಿಜಾನ ತಲೆಯ ಮೇಲೆ ಸೆರಗು ಎಳೆದುಕೊಂಡು ಮೆಲ್ಲಗೆ, "ಯಾರ್ ಹೋದ್ರು?" ಎಂದು ಗಂಡನನ್ನು ಕೇಳಿದಳು.

"ಯಾರೂ ಹೋಗಿಲ್ಲ," ಎಂದ ಅವನು. "ಹೋಗಾವ್ರು ನಾವ ಇರಬೇಕು. ಅಣ್ಣಾರ, ಇಲ್ಲಿಂದನೂ ಹಾರಿ ಯಾರದರ ಹಾಲಾಗ ಬಿತ್ತೇನ್ರಿ? ಒಂದ ಮಾತ ಹೇಳ್ರಿ, ಇನ್ನ ಎಲ್ಲೀತನಕಾ ಹೋಗೂದು? ಹುಕ್ಕೇರಿ ಆದೀತೇನು?"

"ಅಲ್ಲೋ ಮಾರಾಯಾ..."

"ಹಂಗಾರ ಕೂಡ್ರಿ."

"ಕೂಡಾಕ ಬರೂದಿಲ್ಲಪಾ ನನಗ!" ಕೂಗಿದ ಹಾಗೆ ಬಂತು. ಹಳ್ಳದ ಆಚೆಯ ಕಾಗೆಯೊಂದು ಹಾರಿತು. ಒಮ್ಮೆ ಬಂದದ್ದು ಮತ್ತೆ ನಿಲ್ಲಲಿಲ್ಲ. ಸೊಂಟವಲ್ಲ, ಅದರ ಕೆಳಗೆ, ಬಾಲ ಇರುವ ಜಾಗ, ಇದ್ದರೆ, ಅಲ್ಲಿಂದ ಉರಿ ಹೀಗೆ ಹೀಗೆ ಬರುತ್ತದೆ, ಎಲುಬು ತೆಗೆದರು, ನರಗಳಿಗೆ ಸಿಟ್ಟು, ಉಣ್ಣುವುದು ನಿಂತು, ಇವತ್ತು ಕಟ್ಟೆಯ ಮೇಲೆ ಕೂಡದಿದ್ದರೆ ಜಾಗ ಹೋಯಿತು, ರಾಯವ್ವನ ಸಿಂಬಿ. ಮೂರು ತಿಂಗಳು ಸ್ವಂತ ಅಣ್ಣತಮ್ಮಂದಿರಿಗೆ ಹೇಳದ್ದನ್ನೆಲ್ಲ ಇವರಿಬ್ಬರ ಮುಂದೆ ಹೇಳಿ ಮುಗಿಸಿದಾಗ ಅವನ ಕಿವಿ ಬಿಸಿಯಾಗಿದ್ದವು. ಬಿಬಿಜಾನ ಯಾವಾಗಲೋ ಒಳಗೆ ಹೋಗಿದ್ದಳು. ಅಲ್ಲಿಂದ ಕೆಮ್ಮಿನ ಹಾಗೆ ಏನೋ ಕೇಳಿಸುತ್ತಿತ್ತು.

ಬಂದಗಿಸಾಬ ನಗಲಿಲ್ಲ. ಅವನ ಕಣ್ಣು ಆಗಲೇ ಕೆಲಸದವನ ಕಣ್ಣಾಗಿತ್ತು. "ಅಂದ್ರ ನಿಮಗ ಸುತ್ತ ಗಾದಿ ಬೇಕು, ನಡುವ ಖಾಲಿ ಬೇಕು," ಎಂದ. ಆಗಷ್ಟೇ ಹಿಂಜಿದ ಅರಳೆಯ ಗುಡ್ಡೆಯನ್ನು ತೋರಿಸಿದ. "ಇದರ ಮ್ಯಾಲ ಕೂಡ್ರಿ ನೋಡೂಣು."

ಸಾತಪ್ಪ ಮೋಡದಂಥ ಗುಡ್ಡೆಯಲ್ಲಿ ಇಳಿದ. ಸುಖವಾಗಿ ಇಳಿದ, ಇಳಿಯುತ್ತಲೇ ಹೋದ, ಕೊನೆಗೆ ನೆಲ ಮುಟ್ಟಿ "ಯಪ್ಪಾ!" ಎಂದು ಚಿಮ್ಮಿ ಎದ್ದ, ಧೋತರದ ತುಂಬ ಅರಳೆ.

"ಗೊತ್ತಿತ್ತ ನನಗ," ಎಂದ ಬಂದಗಿಸಾಬ ಸಮಾಧಾನದಿಂದ. "ಹೊಸ ಅರಳಿ ಆಳ ಕೂತ ಕೂಡಲೇ ಬಾಯಿ ಬಿಡ್ತೈತ್ರಿ. ಇದಕ್ಕ ಹಳೀ ಗಾದ್ಯಾಂದು ಬೇಕು, ಹತ್ತ ವರ್ಷ ಮಂದಿ ಮಲಗಿ ಮಲಗಿ ದಮ್ಮ ಕಟ್ಟಿದ್ದು. ಬಡದು ಬಡದು ತುಂಬಬೇಕು, ಎತ್ತಿನ ಹೆಗಲಿನ ಹಂಗ ಆಗಬೇಕು. ನಿಮ್ಮನ್ನ ಕೂಡಿಸಿದ್ದು ಅಳತೀಗೆ." ಗುಡ್ಡೆಯಲ್ಲಿ ಸಾತಪ್ಪ ಬಿಟ್ಟುಹೋದ ಗುಂಡಿ ಹಾಗೆಯೇ ಇತ್ತು. ಬಿಬಿಜಾನ ಒಂದು ದಾರ ತಂದು ಗಂಭೀರವಾಗಿ ಆ ಗುಂಡಿಯ ಸುತ್ತ ಹಿಡಿದು ಗಂಟು ಹಾಕಿದಳು. ತನ್ನದೇ ಗುರುತನ್ನು ಇನ್ನೊಬ್ಬರು ಅಳೆಯುವುದನ್ನು ಸಾತಪ್ಪ ದೂರ ನಿಂತು ನೋಡಿದ. ನಾಚಿಕೆ ಎಲ್ಲಿ ಮುಗಿಯುತ್ತದೋ ಅದನ್ನು ದಾಟಿ ಆಚೆ ಬಂದಿದ್ದ. ಅಲ್ಲಿ ಗಾಳಿ ಚೆನ್ನಾಗಿತ್ತು.

ದಪ್ಪ ಮಾದರಪಾಟದ ಬಟ್ಟೆಯನ್ನು ಕೊಳವೆಯಂತೆ ಹೊಲಿದು, ಕೋಲಿನಿಂದ ಜಡಿದು ಜಡಿದು ಹಳೆಯ ಅರಳೆ ತುಂಬಿ, ಬಂದಗಿಸಾಬ ದಬ್ಬಣ ಹಾಕತೊಡಗಿದ. ಅವನು ಕೂತು ಹೊಲಿಯುತ್ತಿದ್ದ, ಸಾತಪ್ಪ ನಿಂತು ನೋಡುತ್ತಿದ್ದ. ಬಹಳ ಹೊತ್ತಾದ ಮೇಲೆ ಸಾತಪ್ಪ, "ಅವತ್ತ ಕಟ್ಟಿ ಮುಂದ ನೀ ಕೂಡಲೇನು ಅಂತ ಕೇಳಿದ್ದಿ," ಎಂದ.

"ಕೇಳಿದ್ನಿರಿ." ದಬ್ಬಣ ಒಳಗೆ ಹೋಗಿ ಹೊರಗೆ ಬಂತು. "ಕಾಲಾಗ ಜಾಲೀಮುಳ್ಳ ಮುರದಿತ್ತು."

"ಹೇಳಬೇಕಿಲ್ಲೇನೋ."

"ಹೇಳೂಕಿಂತ ಮೊದಲ ಎಲ್ಲಾರೂ ನಕ್ರಲ್ರಿ." ದಾರವನ್ನು ಹಲ್ಲಿನಿಂದ ಕಡಿದ. "ನಾನೂ ನಕ್ಕೆ."

ಸಾತಪ್ಪ ಬಗ್ಗಿ, ಉರುಳಿ ಹೋಗಿದ್ದ ದಾರದ ಉಂಡೆಯನ್ನು ಎತ್ತಿ ಅವನ ಕೈಗೆ ಕೊಟ್ಟ. ಸಿಂಬಿ ಮುಗಿಯಿತು. ಚಕ್ಕಡಿಯ ಗಾಲಿಯ ನಡುವಿನ ಗುಂಬದಂತೆ ಬಿಗಿಯಾಗಿ, ದುಂಡಗೆ. ಕೂತು ನೋಡಿದ. ಕೂತೇ ಇದ್ದ. ಬಂದಗಿಸಾಬ ಅವನ ಮುಖವನ್ನು ನೋಡಿ ತಲೆಯಾಡಿಸಿದ. ಎದ್ದು, ಸಾತಪ್ಪ ಅದನ್ನು ಹೆಗಲ ಶಲ್ಯದಲ್ಲಿ ಸುತ್ತಲು ಹೋದಾಗ, "ಮುಚ್ಚಿ ಒಯ್ಯಬ್ಯಾಡ್ರಿ ಅಣ್ಣಾರ," ಎಂದ. "ಕಳುವಿನ ಮಾಲೇನು ಇದು? ಎಲ್ಲಾರಿಗೂ ಕಾಣೂ ಹಂಗ ಕೂಡ್ರಿ. ಯಾರ ಮಾಡಿದ್ದಂತ ಯಾರರ ಕೇಳಿದ್ರ ಹೆಸರ ಹೇಳ್ರಿ. ನನಗ ಅಷ್ಟ ಸಾಕು."

"ಆತ," ಎಂದ ಸಾತಪ್ಪ. ಹಳ್ಳದ ತನಕ ಆ ಮಾತು ನಡೆಯಿತು. ಹಳ್ಳ ದಾಟಿ ಊರಿನ ಮೊದಲ ಮನೆ ಕಂಡ ಕೂಡಲೇ ಕೈ ತಾನಾಗಿಯೇ ಸಿಂಬಿಯನ್ನು ಶಲ್ಯದ ಒಳಗೆ, ಹೊಟ್ಟೆಗೆ ಒತ್ತಿ ಹಿಡಿಯಿತು. ಕಟ್ಟೆಯ ಮೇಲೆ ಕೂಡುವಾಗ ಮೆಲ್ಲಗೆ ಕೆಳಗೆ ಜಾರಿಸಿ, ಧೋತರ ಹರಡಿದರೆ ಯಾರಿಗೆ ತಿಳಿದೀತು? ತುಸು ಎತ್ತರ ಕಂಡಾನು, ಅಷ್ಟೆ. ಹಾಗೆ ಯೋಚಿಸುತ್ತ ಊರ ಅಗಸೆಬಾಗಿಲ ಒಳಗೆ ಬಂದರೆ ಮೊದಲ ಮನೆಯ ಹೊಸ್ತಿಲಲ್ಲಿ ಮುದುಕಿ ಲಕ್ಕವ್ವ ಕೂತಿದ್ದಳು. ಹಣೆಗೆ ಕೈ ಅಡ್ಡ ಹಿಡಿದು ಅವನ ಹೊಟ್ಟೆಯನ್ನು ನೋಡಿದಳು.

"ಸಾತಪ್ಪಾ, ಎಷ್ಟರಾಗ ಬಿದ್ದೈತೋ?"

"ಏನ್ ಆಯಿ?"

"ತಿಂಗಳಪಾ. ಮಿರಜಕ್ಕ ಹೋಗಿ ಬಂದಿ ಅಂದ್ರು, ಇದಕ ಅಂತ ಯಾರೂ ಹೇಳಲಿಲ್ಲಲ್ಲೋ."

ಸಾತಪ್ಪ ನಿಂತ. ಹೊಟ್ಟೆಯೊಳಗಿನಿಂದ ನಗು ಬಂದು ಸಿಂಬಿ ಅಲುಗಾಡಿತು. ಅದನ್ನು ಹೊರಗೆ ತೆಗೆದು, ತೂತಿನಲ್ಲಿ ತೋಳು ತೂರಿಸಿ, ಹೆಗಲಿಗೆ ಹಾಕಿಕೊಂಡ. "ಗಂಡಸ ಕೂಸು ಆಯೀ," ಎಂದು ಓಣಿಯ ನಡುವೆಯೇ ನಡೆದ.

ಕಟ್ಟೆಯ ಮೇಲೆ ಎಲ್ಲರೂ ಬಂದಿದ್ದರು. ಅಪ್ಪಣ್ಣ ತನ್ನ ಜಾಗದಲ್ಲಿ, ಮಾಳಪ್ಪ ಸಾತಪ್ಪನ ಜಾಗದ ಅಂಚಿಗೆ, ಒಂದು ತೊಡೆ ಆಗಲೇ ನುಣುಪು ಕಲ್ಲಿನ ಮೇಲೆ. ಯಲ್ಲಪ್ಪ ಮತ್ತು ಅವನ ತಮ್ಮ ಕೆಳಗೆ ಪಟಗಾ ಕಂಕುಳಲ್ಲಿಟ್ಟು ನಿಂತಿದ್ದರು. ಎಲ್ಲರ ಕಣ್ಣು ಹೆಗಲ ಮೇಲಿನ ಸಿಂಬಿಗೆ.

"ಕೊಡ ಎಲ್ಲಿಟ್ಟಿ, ಸಾತಪ್ಪಾ?" ಎಂದ ಮಾಳಪ್ಪ.

"ಕೊಡ ನಾನ ಅದೇನಿ. ತುಸು ಸರಿ, ತುಂಬಿದ್ದೈತಿ."

ನಗು ಎದ್ದಿತು. ಸಾತಪ್ಪ ಸಿಂಬಿಯನ್ನು ಕಲ್ಲಿನ ಮೇಲೆ ನಾಲ್ಕು ಮಂದಿಗೆ ಕಾಣುವ ಹಾಗೆ ಇಟ್ಟ, ಕೈಯಿಂದ ಒಮ್ಮೆ ತಟ್ಟಿದ, ಕೂತ. ನಗು ಇನ್ನೂ ನಡೆದಿತ್ತು, ಅವನಿಗೆ ಅದು ಮಳೆಯ ಹಾಗೆ ಹೊರಗೆಲ್ಲೋ ಕೇಳಿಸುತ್ತಿತ್ತು; ಒಳಗೆ ಬೆಚ್ಚಗಿತ್ತು. ಉರಿ ಬರಲಿಲ್ಲ. ಬೆನ್ನಿಗೆ ಬೇವಿನ ಮರ ಸಿಕ್ಕಿತು. ಮಾಳಪ್ಪನ ತೊಡೆ ಹಿಂದಕ್ಕೆ ಸರಿಯಿತು. ಆಯಿತು, ಕೂತೆ, ಎಂದುಕೊಂಡ. ಯಲ್ಲಪ್ಪ ತನ್ನ ಪಾಳಿಯ ಕಥೆ ಆರಂಭಿಸಿದ. ಅವನ ತಮ್ಮ ನಡುವೆ ಬಾಯಿ ಹಾಕಿದ. ಇಬ್ಬರ ಕೈಗಳೂ ಗಾಳಿಯಲ್ಲಿ ಎದ್ದವು. ಸಾತಪ್ಪ ಅವರ ಮಾತನ್ನಲ್ಲ, ಕಾಲುಗಳನ್ನು ನೋಡುತ್ತಿದ್ದ. ತಮ್ಮನಾದವನು ಎಡಗಾಲಿನ ಭಾರವನ್ನು ಬಲಗಾಲಿಗೆ ಹಾಕಿದ, ಮತ್ತೆ ಎಡಕ್ಕೆ.

"ಕೂತ ಮಾತಾಡ್ರಿ," ಎಂದ ಸಾತಪ್ಪ.

"ಯಾರು?" ಎಂದ ಅಪ್ಪಣ್ಣ.

"ಅವ್ರ. ಇಬ್ಬರೂ."

ಅಣ್ಣತಮ್ಮಂದಿರು ಹಿಂದೆ ತಿರುಗಿ ನೋಡಿದರು, ಬೇರೆ ಯಾರಿಗೋ ಹೇಳಿದ್ದಿರಬೇಕೆಂದು. "ಇದ್ಯಾವ ಪದ್ಧತಿ?" ಎಂದು ಮಾಳಪ್ಪ ಗೊಣಗಿದ. ಯಲ್ಲಪ್ಪ ನೆರಳಿಗೆ ಸರಿದು, ಮೊದಲು ಕುಕ್ಕರಗಾಲಿನಲ್ಲಿ, ಆಮೇಲೆ ಪೂರ್ತಿ ಕೂತ. ತಮ್ಮನೂ ಕೂತ, ಬೇರೆ ಜಾಗ ನೆರಳಿನಲ್ಲಿ ಇರಲಿಲ್ಲವಾಗಿ ಅಣ್ಣನ ಮಗ್ಗುಲಿಗೇ. ಕೂತ ಮೇಲೆ ಕೈ ಬೀಸಲು ಬರಲಿಲ್ಲ, ದನಿಯೂ ಇಳಿಯಿತು. ಸೋಮವಾರದ ನೀರು ಯಾರದು ಎನ್ನುವುದು ಇನ್ನೂ ಉಳಿದಿತ್ತು, ಉಳಿದ ದಿನಗಳು ತಾವಾಗಿಯೇ ಹೊಂದಿಕೊಂಡವು.

ಆಗ ಸಿಂಬಿಯ ಒಳಗಿನಿಂದ, ಬಹಳ ದೂರದಿಂದ ಬರುವ ಹಾಗೆ, ಉರಿ ಬಂತು. ನರಗಳಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ. ಆದರೆ ಅದಕ್ಕೆ ಬರಲು ಇಷ್ಟು ಹೊತ್ತು ಹಿಡಿದಿತ್ತಲ್ಲ ಎಂದು ಸಾತಪ್ಪನಿಗೆ ಖುಷಿಯೇ ಆಯಿತು. ಎದ್ದ. ಕಟ್ಟೆಯ ಮೇಲೆ ನಿಲ್ಲಲು ಬೇವಿನ ಟೊಂಗೆ ಅಡ್ಡ, ಅದಕ್ಕೆ ಕೆಳಗಿಳಿದ; ಅಣ್ಣತಮ್ಮಂದಿರು ಬಿಟ್ಟ ಜಾಗದಲ್ಲಿ, ನಾಲ್ಕು ಹೆಜ್ಜೆ ಬಿಸಿಲಿನಲ್ಲಿ ಹೋಗಿ ನಿಂತ. ಈಗ ಊರೆಲ್ಲ ಕೂತಿತ್ತು, ಅವನೊಬ್ಬನೇ ನಿಂತಿದ್ದ. ತಿರುಗಿದಾಗ ಕಟ್ಟೆ ಇಷ್ಟು ಎತ್ತರ ಕಾಣುತ್ತದೆಂದು ಗೊತ್ತಿರಲಿಲ್ಲ. ನೆತ್ತಿ ಕಾಯುತ್ತಿದೆ ಎನಿಸಿ ಮುಟ್ಟಿ ನೋಡಿಕೊಂಡರೆ, ಪಟಗಾ ಯಾವಾಗಲೋ ಕಂಕುಳಿಗೆ ಬಂದಿತ್ತು.

ಮೇಲೆ, ಖಾಲಿಯಾದ ಸಿಂಬಿಯನ್ನು ಅಪ್ಪಣ್ಣ ಓರೆಗಣ್ಣಿನಿಂದ ನೋಡುತ್ತಿದ್ದ. ಎಪ್ಪತ್ತು ವರ್ಷದ ಒಣಕಲು ಮೈ ಅವನದು. ಕಲ್ಲಿಗೂ ಎಲುಬಿಗೂ ನಡುವೆ ಏನೂ ಉಳಿದಿರಲಿಲ್ಲ. ಯಾರೂ ನೋಡುತ್ತಿಲ್ಲ ಎಂದುಕೊಂಡು ಎರಡು ಬೆರಳಿನಿಂದ ಅದನ್ನು ತನ್ನ ಕಡೆ ಎಳೆದುಕೊಂಡು, ಎದ್ದಂತೆ ಮಾಡಿ, ಮೇಲೆ ಕೂತ. ಅವನ ಬಾಯಿಯಿಂದ ಉದ್ದವಾದ ಉಸಿರೊಂದು ಹೊರಗೆ ಬಂತು.

"ಆಹಾ," ಎಂದ ಕಣ್ಣು ಮುಚ್ಚಿ. "ಯಾವ ಪುಣ್ಯಾತ್ಮ ಮಾಡಿದ್ನೋ ಇದನ್ನ?"

"ಬಂದಗಿಸಾಬ," ಎಂದ ಸಾತಪ್ಪ.

ಅಪ್ಪಣ್ಣನ ಕಣ್ಣು ತೆರೆದವು. ಹಳ್ಳದ ಆಚೆಯಿಂದ, ಗಾಳಿ ಈ ಕಡೆಯದಾಗಿತ್ತು, ಬಿಲ್ಲಿನ ಸಪ್ಪಳ ಬಂತು.

"ಅವಂದೊಂದು ಮಾತು ನಮ್ಮ ಕಡೆ ಉಳದೈತಿ," ಎಂದ ಸಾತಪ್ಪ. "ಮಾತಂದ್ರ, ನಂದ ತಪ್ಪು. ಅದನ್ನ ಹೇಳಾಕಂತ ನಿಂತೇನಿ."

"ಹೇಳೂದಿದ್ರ ಮ್ಯಾಲ ಬಂದು ಕೂತ ಹೇಳೋ ಮಾರಾಯಾ," ಎಂದ ಮಾಳಪ್ಪ ಕಸಿವಿಸಿಯಿಂದ. "ಅಲ್ಲಿ ನಿಂದರಬ್ಯಾಡ, ಚಲೋ ಕಾಣೂದಿಲ್ಲ."

"ಇರಲಿ. ನಿಂತರ ಏನ ಸವೀತೇನಿ?"

ಈ ಸಲ ಆ ಮಾತಿಗೆ ಯಾರೂ ನಗಲಿಲ್ಲ, ಸಾತಪ್ಪನನ್ನು ಬಿಟ್ಟು. ಅಪ್ಪಣ್ಣ ಏಳುತ್ತಾನೆಂದು ಎಲ್ಲರೂ ಅವನನ್ನು ನೋಡಿದರು. ಅವನು ಅರ್ಧ ಎದ್ದ ಕೂಡ. ಕೆಳಗಿನ ಬರಿಯ ಕಲ್ಲನ್ನು ನೋಡಿದ, ಮತ್ತೆ ಇಳಿದ, ಸಿಂಬಿಯ ಮೇಲೆ ಇನ್ನಷ್ಟು ನೆಟ್ಟಗೆ ಕೂತುಕೊಂಡ.

"ಹಾಂ," ಎಂದ. "ಹೇಳಪಾ. ಕೇಳಾಕತ್ತೇನಿ."